ಬಾಲಿಗೆ ರೊಕ್ಕ ಒಯ್ದ ಕಥೆ: ಹುಬ್ಬಳ್ಳಿಯ ಡಾಲರ್ ಕೌಂಟರ್, ಆಯಿಯ ಸಂಚಿ, ಮುದ್ರೆ ಬಿದ್ದ ಒಂದು ನೋಟು

ನಾನು ದಿನಾ ಹತ್ತು ತಾಸು ಗಲ್ಲಾದ ಮೇಲೆ ಕೂಡುವವಳು. ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಒಳಗೆ ರೊಟ್ಟಿ ಬಡಿಯುವವರು ಮೂವರು, ಬಡಿಸುವ ಹುಡುಗರು ನಾಲ್ವರು, ರೊಕ್ಕ ಎಣಿಸುವವಳು ನಾನೊಬ್ಬಳೇ. ಇಪ್ಪತ್ತಾರು ವರ್ಷ ಆಯಿತು. ಹರಕು ನೋಟು, ತೇಪೆ ಹಚ್ಚಿದ ನೋಟು, ಎಣ್ಣೆ ಕುಡಿದ ನೋಟು, ಖೊಟ್ಟಿ ನೋಟು, ಎಲ್ಲ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥವಳು ಬಾಲಿಗೆ ಹೋಗಿ ಎರಡು ಸಾವಿರ ಚಿಲ್ಲರೆ ರೂಪಾಯಿ ಹೇಗೆ ಕಳಕೊಂಡು ಬಂದಳು ಎನ್ನುವುದು ಮುಂದೆ ಬರುವುದಿದೆ, ಅದಕ್ಕೇ ಮೊದಲೇ ಹೇಳಿಟ್ಟೆ.

2025ರ ಫೆಬ್ರುವರಿಯಲ್ಲಿ ಹೋಗಿದ್ದೆವು, ನಾನು, ನಮ್ಮ ಮನೆಯವರು, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು. ಟಿಕೆಟು, ಹೋಟೆಲು ಎಲ್ಲ ಅವಳದೇ. ಬೆಂಗಳೂರಿಂದ ಬಾಲಿಯ ಡೆನ್‌ಪಸಾರ್‌ಗೆ ಈಗ ನೇರ ವಿಮಾನ ಇದೆ, ಸುಮಾರು ಏಳು ತಾಸು. ಸಮುದ್ರ ಹೇಗಿತ್ತು, ಗುಡಿ ಹೇಗಿತ್ತು ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ರೊಕ್ಕದ ಬಗ್ಗೆ. ಹುಬ್ಬಳ್ಳಿಯಲ್ಲಿ ಡಾಲರ್ ತಗೊಂಡ ಅಂಗಡಿ ಹೇಗೆ, ಅವರು ಕೊಟ್ಟ ನೋಟು ಅಲ್ಲಿ ಎಷ್ಟಕ್ಕೆ ನಡೆಯಿತು, ಅದನ್ನು ಯಾವುದರಲ್ಲಿ ಇಟ್ಟುಕೊಂಡಿದ್ದೆ, ಇಷ್ಟೇ. ಅಂಗಡಿಯ ಹೆಸರು ಬರೆಯುವುದಿಲ್ಲ.

ಮೊದಲು ಮಗಳ ಮಾತು. "ಅವ್ವಾ, ಅಲ್ಲಿ ಎಲ್ಲಾ ಕಡೆ ಕಾರ್ಡ್ ನಡೀತೈತಿ, ರೊಕ್ಕ ಯಾಕ ಹೊರತಿ?" ಅಂದಳು. ನನಗೆ ನಂಬಿಕೆ ಬರಲಿಲ್ಲ. ಖಾನಾವಳಿಗೂ ಫೋನ್ ಹಿಡಿದು ಬರುವವರೇ ಹೆಚ್ಚು, ಆದರೆ ನೆಟ್‌ವರ್ಕ್ ಹೋದ ದಿನ ಗಲ್ಲಾದ ಮುಂದೆ ಅವರ ಮುಖ ಹೇಗಾಗುತ್ತದೆ ಎಂದು ನೋಡಿದವಳು ನಾನು. ನಮ್ಮ ರೂಪಾಯಿಯನ್ನೇ ಒಯ್ದು ಅಲ್ಲಿ ಬದಲಿಸೋಣ ಎಂದರೆ, ಒಬ್ಬರಿಗೆ 25,000 ರೂಪಾಯಿ ತನಕ ಮಾತ್ರ ದೇಶದ ಹೊರಗೆ ಒಯ್ಯಲು ಬಿಡುತ್ತಾರೆ, ಮೇಲಾಗಿ ಅಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ. (ಖರೇನೇ ಸಿಗುವುದಿಲ್ಲ. ಬಾಲಿಯ ಕುತಾ ಎಂಬಲ್ಲಿ ಒಂದು ಅಂಗಡಿಯ ಫಲಕದಲ್ಲಿ ನಮ್ಮ ರೂಪಾಯಿ ಇತ್ತು. ಬಾಲಿ ಇರುವುದು ಇಂಡೊನೇಷ್ಯಾದಲ್ಲಿ, ಅಲ್ಲಿಯ ರೊಕ್ಕಕ್ಕೆ ರುಪಯಾ ಅನ್ನುತ್ತಾರೆ. ಲೆಕ್ಕದ ಪ್ರಕಾರ ಒಂದಕ್ಕೆ 187 ರುಪಯಾ ಬರಬೇಕು, ಅವರು ಬರೆದದ್ದು 150.) ಹಾಗಾಗಿ ಡಾಲರ್.

ಕೌಂಟರ್ ಮೊದಲ ಮಹಡಿಯಲ್ಲಿ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿದ್ದವರು ಮನೆಯ ಹುಡುಗರನ್ನು ಕಳಿಸಿ. ಒಳಗೆ ತಂಪು, ಕೂಡಲು ಕುರ್ಚಿ, ಕೇಳದೇ ಚಹಾ ಬಂತು. ಇದಕ್ಕೆ ಪೂರ್ತಿ ಅಂಕ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಟಿಕೆಟ್ ಕೇಳಿದರು. ಎ2 ಎಂಬ ಅರ್ಜಿಯನ್ನು ಅವರೇ ತುಂಬಿ ಸಹಿ ಎಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟರು. ಇಂಡೊನೇಷ್ಯಾದ ರುಪಯಾ ಕೇಳಿದೆ. "ಇಲ್ಲಿ ಇಡಂಗಿಲ್ರಿ ಅಕ್ಕಾರ, ಬೆಂಗಳೂರಿಂದ ತರಿಸಬೇಕ್ರಿ, ರೇಟೂ ಛಲೋ ಬೀಳಂಗಿಲ್ಲ. ಡಾಲರ್ ಒಯ್ರಿ," ಅಂದ ಕೌಂಟರಿನ ಹುಡುಗ. ಈ ಮಾತು ಸರಿ ಇತ್ತು. ತನ್ನ ಗಂಟಿಗಿಂತ ಗಿರಾಕಿಯ ಗಂಟು ನೋಡಿ ಹೇಳಿದ ಮಾತು ಇದೊಂದೇ.

600 ಡಾಲರ್ ತಗೊಂಡೆವು. ಆ ದಿನ ಮಗಳ ಫೋನಿನಲ್ಲಿ ಡಾಲರಿಗೆ 86 ರೂಪಾಯಿ 90 ಪೈಸೆ ಇತ್ತು, ಅವರು ಹಾಕಿದ್ದು 88 ರೂಪಾಯಿ 40 ಪೈಸೆ. 53,040 ಆಯಿತು. ಮೇಲೆ ಜಿಎಸ್‌ಟಿ 95 ರೂಪಾಯಿ. ಲಕ್ಷದ ಒಳಗಿನ ಖರೀದಿಗೆ ಶೇ. 1ರಷ್ಟನ್ನು ಬೆಲೆ ಎಂದು ಹಿಡಿದು ಅದರ ಮೇಲೆ ಶೇ. 18 ಹಾಕುತ್ತಾರೆ, ಹಾಗಾಗಿ ತೆರಿಗೆ ಹಗುರ. ಹೊಡೆತ ಬೀಳುವುದು ದರದಲ್ಲೇ. ಒಂದೂವರೆ ರೂಪಾಯಿಯಂತೆ 900 ರೂಪಾಯಿ ಅವರ ಲಾಭ. ಚಹಾ ಕುಡಿದ ಮೇಲೆ ಚೌಕಾಶಿಗೆ ನಾಲಿಗೆ ಬರಲಿಲ್ಲ. ಬಹುಶಃ ಚಹಾ ಕೊಡುವುದೇ ಅದಕ್ಕೆ.

ರೊಕ್ಕ ಕೊಡುವಾಗ ತಮಾಷೆ ಆಯಿತು. ನಾನು ಗಲ್ಲಾದ ರೊಕ್ಕವನ್ನು ರಬ್ಬರ್ ಹಾಕಿ ಕಟ್ಟು ಮಾಡಿಕೊಂಡು ಒಯ್ದಿದ್ದೆ. ಹುಡುಗ ಅದನ್ನು ನೋಡಿ ಕೈ ಹಿಂದೆ ತಗೊಂಡ.

"ಅಕ್ಕಾರ, ಐವತ್ತು ಸಾವಿರ ದಾಟಿದ್ರ ನಗದು ತಗೊಳ್ಳಾಕ ಬರಂಗಿಲ್ರಿ. ಅಕೌಂಟಿಂದ ಹಾಕ್ರಿ."

"ರೊಕ್ಕ ಮಾರೋ ಅಂಗಡ್ಯಾಗ ರೊಕ್ಕ ತಗೊಳ್ಳಂಗಿಲ್ಲಂದ್ರ ಹ್ಯಾಂಗ್ರಿ ತಮ್ಮಾ?"

ರಿಸರ್ವ್ ಬ್ಯಾಂಕಿನ ನಿಯಮವಂತೆ, ಅವನ ತಪ್ಪಲ್ಲ. ಆದರೆ ಹಿಂದಿನ ದಿನ ಫೋನ್ ಮಾಡಿ ಏನೇನು ತರಬೇಕು ಎಂದು ಕೇಳಿದಾಗ ಇದನ್ನೇ ಹೇಳಿರಲಿಲ್ಲ. ನಮ್ಮವರು ಬ್ಯಾಂಕಿಗೆ ಹೋಗಿ ಕಟ್ಟಿ, ಅಲ್ಲಿಂದ ಅಂಗಡಿಯ ಖಾತೆಗೆ ಹಾಕಿ ಬರುವಷ್ಟರಲ್ಲಿ ಒಂದೂವರೆ ತಾಸು. ಅಷ್ಟು ಹೊತ್ತೂ ನಾನು ಕುರ್ಚಿಯಲ್ಲಿ ಕೂತು, ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಸುರು ಆಗಿರುತ್ತದೆ ಎಂದು ಗಡಿಯಾರ ನೋಡುತ್ತಿದ್ದೆ.

ಕೊನೆಗೆ ಡಾಲರ್ ಬಂದವು. ನೂರರವು ನಾಲ್ಕು, ಐವತ್ತರವು ಎರಡು, ಇಪ್ಪತ್ತರವು ಐದು. "ಚಿಲ್ಲರ ಇರ್ಲಿ ಅಕ್ಕಾರ, ಟಿಪ್ಸ್ ಕೊಡಾಕ ಬೇಕಾಗ್ತಾವ," ಅಂದ. ಚಿಲ್ಲರೆ ಎಂದರೆ ನನಗೆ ಪಂಚಪ್ರಾಣ, ಹುಡುಗ ಶಾಣ್ಯಾ ಇದ್ದಾನೆ ಅಂದುಕೊಂಡೆ. ನೂರರ ನಾಲ್ಕರಲ್ಲಿ ಮೂರಕ್ಕೆ ನಡುವೆ ನೀಲಿ ಪಟ್ಟಿ ಇತ್ತು, ಅಲುಗಿಸಿದರೆ ಅದರೊಳಗಿನ ಗಂಟೆ ಜರುಗುತ್ತದೆ. ನಾಲ್ಕನೆಯದಕ್ಕೆ ಆ ಪಟ್ಟಿ ಇರಲಿಲ್ಲ, 2006 ಎಂದು ಸಣ್ಣದಾಗಿ ಅಚ್ಚಾಗಿತ್ತು. ಮೂಲೆಯಲ್ಲಿ ಶೇಂಗಾ ಕಾಳಿನಷ್ಟು ಅಗಲದ ನೀಲಿ ಮುದ್ರೆ, ಯಾವುದೋ ಊರಿನ ಯಾವುದೋ ಅಂಗಡಿಯವರು ಒತ್ತಿದ್ದು. ಕೇಳಿದೆ. "ಹಳೇವೂ ನಡೀತಾವ್ರಿ," ಅಂದ. ಅಮೆರಿಕಾದಲ್ಲಿ ನಡೆಯುತ್ತಾವೆ, ಸುಳ್ಳಲ್ಲ. ನಾವು ಹೊರಟದ್ದು ಅಮೆರಿಕಾಕ್ಕಲ್ಲ.

ಈಗ ಸಂಚಿ. ಮಗಳು ಆನ್‌ಲೈನಿನಲ್ಲಿ 649 ರೂಪಾಯಿಗೆ ನೈಲಾನಿನ ಸೊಂಟದ ಚೀಲ ತರಿಸಿದ್ದಳು. ಬೆವರಿಗೆ ಅಂಟುತ್ತದೆ, ಚೈನು ಚರ್ಮಕ್ಕೆ ಚುಚ್ಚುತ್ತದೆ, ಒಂದೇ ಕಿಸೆ, ಎಲ್ಲವೂ ಕಲಸುಮೇಲೋಗರ. ಎರಡನೆಯ ದಿನವೇ ಅದನ್ನು ನಮ್ಮವರ ಗುಳಿಗೆ ಇಡಲು ಕೊಟ್ಟೆ. ನನ್ನ ಹತ್ತಿರ ಇದ್ದದ್ದು ನಮ್ಮ ಆಯಿಯ ಸಂಚಿಯ ಅಳತೆಯಲ್ಲಿ ಹೊಲಿಸಿದ ಖಣದ ಸಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ ಪೈಸೆ ಎಂದು ಆಯಿಯ ಸಂಚಿಗೆ ನಾಲ್ಕು ಕಿಸೆ. ನಾನು ಐದು ಮಾಡಿಸಿದ್ದೆ. ಲಾಡಿ ಎಳೆದರೆ ಬಾಯಿ ಮುಚ್ಚುತ್ತದೆ, ಸೊಂಟಕ್ಕೆ ಸಿಗಿಸಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಒಂದೊಂದು ಬಣ್ಣದ ನೋಟಿಗೆ ಒಂದೊಂದು ಕಿಸೆ. ಕತ್ತಲಲ್ಲೂ ಬೆರಳು ಹೋಗಬೇಕಾದಲ್ಲಿಗೇ ಹೋಗುತ್ತಿತ್ತು. ಹೊಲಿಗೆಗೆ 80 ರೂಪಾಯಿ, ಬಟ್ಟೆ ಮನೆಯದು.

ಆದರೆ ಸಂಚಿಯಲ್ಲಿ ಡಾಲರ್ ಇಡಬೇಡಿ. ಸಂಚಿಯಲ್ಲಿ ನೋಟು ಮಡಿಸಲೇಬೇಕು, ಬಾಲಿಯಲ್ಲಿ ಮಡಿಕೆ ಬಿದ್ದ ಡಾಲರ್ ನೋಡಿ ಮೂಗು ಮುರಿಯುತ್ತಾರೆ. ಡಾಲರ್ ಎಂದರೆ ಇಸ್ತ್ರಿ ಮಾಡಿದ ಪಂಚೆ ಇದ್ದಂತೆ ಇರಬೇಕು. ನಾನು ಎರಡನ್ನು ಮಡಿಸಿ ಕೆಡಿಸಿದ ಮೇಲೆ, ಉಳಿದವನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟೆ.

ಬಾಲಿಯಲ್ಲಿ ಇಳಿದ ಕೂಡಲೇ ಕೊಡಬೇಕಾದದ್ದು ವೀಸಾಕ್ಕೆ ಒಬ್ಬರಿಗೆ 5,00,000 ರುಪಯಾ, ದ್ವೀಪದ ಪ್ರವಾಸಿ ಶುಲ್ಕ 1,50,000. ಈ ಶುಲ್ಕ 2024ರ ಫೆಬ್ರುವರಿಯಿಂದ ಸುರು ಆಗಿದೆ. ಎರಡನ್ನೂ ಮಗಳು ಮನೆಯಿಂದಲೇ ಆನ್‌ಲೈನಿನಲ್ಲಿ ಕಟ್ಟಿದ್ದಳು, ಛಲೋ ಮಾಡಿದಳು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗೆಂದು 100 ಡಾಲರ್ ಬದಲಿಸಿದೆವು, ದರ ಡಾಲರಿಗೆ 15,900 ರುಪಯಾ. ಊರೊಳಗೆ 16,240 ಇತ್ತು. ನಿಲ್ದಾಣದಲ್ಲಿ ನೂರಕ್ಕಿಂತ ಹೆಚ್ಚು ಬದಲಿಸಬೇಡಿ.

ಅಲ್ಲಿಯ ದೊಡ್ಡ ನೋಟು ಕೆಂಪು, 1,00,000ದ್ದು. ಕೈಗೆ ಬಂದಾಗ ನಮ್ಮವರು ಅದನ್ನು ಬೆಳಕಿಗೆ ಹಿಡಿದು, "ಒಂದ ನೋಟಿನ್ಯಾಗ ಲಕ್ಷಾಧೀಶ ಆದೆ ನೋಡು," ಅಂದರು. ನಮ್ಮ ಲೆಕ್ಕದಲ್ಲಿ ಅದು 535 ರೂಪಾಯಿ. ಮೂರು ಸೊನ್ನೆ ಹಾರಿಸಿ ಐದರಿಂದ ಗುಣಿಸಿ, ಮೇಲೆ ಒಂಚೂರು ಸೇರಿಸಿದರೆ ಆಯಿತು. 50,000ದ ನೀಲಿ ನೋಟು ಸುಮಾರು 267, 20,000ದ ಹಸಿರು ನೋಟು ನಮ್ಮ ಖಾನಾವಳಿಯ ಒಂದು ಊಟ. ನಾನು ಎಲ್ಲವನ್ನೂ ಊಟದಲ್ಲೇ ಎಣಿಸಿದೆ, ಆರು ದಿನವೂ ತಲೆ ಕೆಡಲಿಲ್ಲ. ತೊಡಕು ಬೇರೆ ಇದೆ. ಅವರು ಸಾವಿರಕ್ಕೆ ಅಲ್ಪವಿರಾಮ ಹಾಕುವ ಕಡೆ ಚುಕ್ಕಿ ಹಾಕುತ್ತಾರೆ, ಮೆನುವಿನಲ್ಲಿ ಸೊನ್ನೆಗಳನ್ನು ನುಂಗಿ ಬರೀ 35 ಎಂದು ಬರೆದಿರುತ್ತಾರೆ. ಸಂಜೆಗತ್ತಲಲ್ಲಿ 10,000ದ ನೇರಳೆ ನೋಟಿಗೂ 1,00,000ದ ಕೆಂಪು ನೋಟಿಗೂ ಕಣ್ಣು ಮೋಸ ಹೋಗುತ್ತದೆ. ಪಾರ್ಕಿಂಗಿನ ಮುದುಕನೊಬ್ಬನಿಗೆ ಹತ್ತು ಸಾವಿರ ಎಂದು ಲಕ್ಷ ಕೊಟ್ಟುಬಿಟ್ಟಿದ್ದೆ. ನಕ್ಕು ವಾಪಸ್ ಕೊಟ್ಟ. ಅಂಥವನೂ ಅದೇ ಊರಲ್ಲೇ ಇದ್ದ.

(ನೋಟಿನ ಮೇಲೆ ಗಣಪ್ಪ ಇದ್ದಾನೆ ಎಂದು ವಾಟ್ಸಾಪಿನಲ್ಲಿ ಓದಿ ಹೋಗಿದ್ದ ನಮ್ಮವರು ಪ್ರತಿ ನೋಟನ್ನೂ ತಿರುವಿ ಹಾಕಿ ನೋಡಿದರು. 1998ರ 20,000ದ ನೋಟಿನಲ್ಲಿ ಗಣಪ್ಪ ಇದ್ದದ್ದು ಖರೇ. ಆ ನೋಟು ಈಗ ಚಲಾವಣೆಯಲ್ಲಿಲ್ಲ.)

ಇನ್ನು ಮೋಸದ ಕಥೆ.

ಕುತಾದಲ್ಲಿ ರೊಕ್ಕ ಬದಲಿಸುವ ಅಂಗಡಿ ನಮ್ಮಲ್ಲಿ ಪಾನ್ ಅಂಗಡಿ ಇದ್ದಂತೆ, ಹೆಜ್ಜೆಗೊಂದು. ಎಲ್ಲ ಕಡೆ 16,200, 16,250 ಇದ್ದಾಗ ಒಂದು ಫಲಕ ಮಾತ್ರ 16,650 ಎಂದಿತ್ತು. ಅಂಗಿ, ಮಾಲೆ ಮಾರುವ ಅಂಗಡಿ, ಬಟ್ಟೆ ಸರಿಸಿ ಹಿಂದೆ ಹೋದರೆ ಒಂದು ಮೇಜು, ಒಬ್ಬ ನಗುಮುಖದ ಹುಡುಗ. 200 ಡಾಲರ್ ಕೊಟ್ಟೆ. ಲೆಕ್ಕಯಂತ್ರದಲ್ಲಿ 33,30,000 ತೋರಿಸಿದ. ಎಲ್ಲವೂ ಐವತ್ತು ಸಾವಿರದ ನೀಲಿ ನೋಟು. ಇಪ್ಪತ್ತಿಪ್ಪತ್ತು ನೋಟಿನ ಗುಡ್ಡೆ ಮಾಡಿ ಮೂರು, ಮೇಲೆ ಆರು, ಚಿಲ್ಲರೆ ಮೂವತ್ತು ಸಾವಿರ. ನಾನೇ ಎಣಿಸಿದೆ. 66 ನೋಟು, ಸರಿ ಇತ್ತು. ಚಿಲ್ಲರೆಯನ್ನೂ ಎಣಿಸಿದೆ, ಇಪ್ಪತ್ತು ಸಾವಿರ ಮಾತ್ರ. ಹತ್ತು ಸಾವಿರ ಕಡಿಮೆ ಎಂದೆ.

"ಸಾರಿ, ಸಾರಿ, ಮಮ್ಮಾ," ಅಂದ. ಹತ್ತು ಸಾವಿರದ ನೋಟು ತಗೆದ. ಪೂರ್ತಿ ಕಟ್ಟನ್ನು ನನ್ನ ಕೈಯಿಂದ ತಗೊಂಡು, ಈ ನೋಟನ್ನು ಅದರ ಮೇಲಿಟ್ಟು, ಕಟ್ಟನ್ನು ಮೇಜಿನ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಕುಟ್ಟಿದ, ಅಂಚು ಸರಿ ಮಾಡುವಂತೆ. ರಬ್ಬರ್ ಹಾಕಿ ಕೈಗಿಟ್ಟ.

ಆ ಟಕ್ ಟಕ್ ಇದೆಯಲ್ಲ, ನಾನು ದಿನಾ ರಾತ್ರಿ ಹತ್ತೂವರೆಗೆ ಗಲ್ಲಾ ಮುಚ್ಚುವಾಗ ಮಾಡುವುದೂ ಅದೇ. ಅದು ನನಗೆ ಲೆಕ್ಕ ಮುಗಿಯಿತು ಎನ್ನುವ ಸದ್ದು. ಇಪ್ಪತ್ತಾರು ವರ್ಷದಿಂದ ಆ ಸದ್ದಾದ ಮೇಲೆ ನಾನು ಮತ್ತೆ ಎಣಿಸಿದವಳಲ್ಲ. ಮೇಲಾಗಿ ನಮ್ಮವರು ಹಿಂದಿನಿಂದ, "ನೀ ಸುಮ್ನ ನಡೀ, ಹೊಟ್ಟಿ ಹಸದೈತಿ," ಎನ್ನುತ್ತಿದ್ದರು. ಕಟ್ಟು ಸಂಚಿಗೆ ಹೋಯಿತು.

ರೂಮಿಗೆ ಬಂದು ಕಿಸೆಗೆ ಹಂಚುವಾಗ 58 ನೋಟು. ಎಂಟು ನೋಟು ಮೇಜಿನ ಆಚೆ ಉದುರಿದ್ದವು. 4,00,000 ರುಪಯಾ, ನಮ್ಮ 2,140 ರೂಪಾಯಿ, ಇಪ್ಪತ್ತು ಊಟ. ಆ ಹೆಚ್ಚಿನ ದರದಿಂದ ನನಗೆ ಸಿಗಬಹುದಾಗಿದ್ದದ್ದು ಎಷ್ಟು ಎಂದು ಆಮೇಲೆ ಲೆಕ್ಕ ಹಾಕಿದೆ. 82,000 ರುಪಯಾ, 440 ರೂಪಾಯಿ. ಮರುದಿನ ಬೆಳಿಗ್ಗೆ ಹೋದರೆ ಬಟ್ಟೆ ಸರಿಸಿದ ಹಿಂದೆ ಬೇರೆ ಹುಡುಗ, ಅವನಿಗೆ ಏನೂ ಗೊತ್ತಿಲ್ಲ, ರಸೀದಿ ಇದೆಯಾ ಎಂದ. ರಸೀದಿ ಎಲ್ಲಿಂದ ಬರಬೇಕು.

ಗಲ್ಲಾಕ್ಕೆ ಹೊಸ ಹುಡುಗ ಬಂದಾಗಲೆಲ್ಲ ನಾನು ಮೊದಲು ಹೇಳಿಕೊಡುವುದು "ಕಡೀಕ ಎಣಸೂ ಕೈ ನಿಂದ ಇರಬೇಕು" ಎಂದು. ನಮ್ಮವರು ಉಳಿದ ದಿನವೆಲ್ಲ ಊಟಕ್ಕೆ ಕೂತಾಗಲೆಲ್ಲ ಇದನ್ನೇ ನನಗೆ ತಿರುಗಿ ಹೇಳಿದರು. ಹೊಟ್ಟೆ ಹಸಿದದ್ದು ಯಾರಿಗಿತ್ತು ಎನ್ನುವುದು ಅವರಿಗೆ ನೆನಪೇ ಇರಲಿಲ್ಲ.

ಆಮೇಲೆ ಪರವಾನಗಿ ಇದ್ದ ಅಂಗಡಿ ಹುಡುಕಿದೆವು. ಗುರುತು ಸರಳ. ಬ್ಯಾಂಕ್ ಇಂಡೊನೇಷ್ಯಾದ ಫಲಕ ಗಾಜಿಗೆ ಅಂಟಿಸಿರುತ್ತಾರೆ, ಅದರಲ್ಲಿ 'ಬೆರಿಝಿನ್' ಎಂದಿರುತ್ತದೆ, ಪರವಾನಗಿ ಇದ್ದದ್ದು ಎಂದರ್ಥ. ಗಾಜಿನ ಬಾಗಿಲು, ಒಳಗೆ ಅಂಗಿ ಮಾಲೆ ಏನೂ ಮಾರುವುದಿಲ್ಲ, ಎಣಿಸುವ ಯಂತ್ರ ಗಿರಾಕಿಯ ಕಣ್ಣೆದುರಿಗೆ, ಮುದ್ರಿಸಿದ ರಸೀದಿ. ದರ 16,240. ಕೌಂಟರಿನ ಹೆಣ್ಣುಮಗಳು ನನ್ನ ನೋಟುಗಳನ್ನು ಹಸಿಮೆಣಸಿನಕಾಯಿ ಆರಿಸಿದಂತೆ ಆರಿಸಿದಳು. ಐವತ್ತರವೆರಡು ಒಂದು ಬದಿ, ಅವಕ್ಕೆ 16,050. ಇಪ್ಪತ್ತರವೈದು ಇನ್ನೊಂದು ಬದಿ, ಅವಕ್ಕೆ 15,600. 16,240 ನೀಲಿ ಪಟ್ಟಿಯ ಹೊಸ ನೂರಕ್ಕೆ ಮಾತ್ರ. ನೂರರ ಆ ಹಳೆಯ ನೋಟನ್ನು ಬೆಳಕಿಗೆ ಹಿಡಿದು, ಮುದ್ರೆಯ ಮೇಲೆ ಉಗುರಿಂದ ಮೆಲ್ಲಗೆ ಗೀರಿ, ಕ್ಷಮಿಸಿ ಎನ್ನುವಂತೆ ಎರಡೂ ಕೈಯಿಂದ ವಾಪಸ್ ಕೊಟ್ಟಳು. ಇನ್ನೂ ಎರಡು ಅಂಗಡಿಗೆ ಹೋದೆ, ಎರಡರಲ್ಲೂ ಹಾಗೇ.

ಹುಬ್ಬಳ್ಳಿಯ ಕೌಂಟರಿನ ಮೇಲೆ ನನ್ನ ಸಿಟ್ಟು ಇಲ್ಲಿಂದ ಸುರು. ಚಿಲ್ಲರೆ ಡಾಲರ್ ಟಿಪ್ಸಿಗೆ ಬೇಕಾಗುತ್ತವೆ ಅಂದನಲ್ಲ, ಇಂಡೊನೇಷ್ಯಾದಲ್ಲಿ ವ್ಯವಹಾರ ರುಪಯಾದಲ್ಲೇ ನಡೆಯಬೇಕು ಎಂದು ಕಾನೂನೇ ಇದೆ. ಡಾಲರ್ ಕೊಟ್ಟರೆ ತಗೊಂಡವನಿಗೆ ಮತ್ತೆ ಬದಲಿಸುವ ರಗಳೆ, ಅದೂ ಕಡಿಮೆ ದರಕ್ಕೆ. ಇಪ್ಪತ್ತರ ಐದು ನೋಟಿಗೆ ನನಗೆ 64,000 ರುಪಯಾ ಹೋಯಿತು, ಮೂರು ಊಟ. ಅವನಿಗೆ ಖಾಲಿ ಮಾಡಬೇಕಿದ್ದ ನೋಟನ್ನು ನನಗೆ ದಾಟಿಸಿದ್ದ. ಗಲ್ಲಾದ ಮೇಲೆ ಕೂತವರು ಇದನ್ನು ಮಾಡುತ್ತೇವೆ, ಇಲ್ಲ ಅನ್ನುವುದಿಲ್ಲ. ಹರಕು ಹತ್ತರ ನೋಟನ್ನು ಗಿರಾಕಿಗೆ ದಾಟಿಸಲು ನೋಡುವುದು ನಮ್ಮಲ್ಲೂ ಇದೆ. ಆದರೆ ನಮ್ಮ ಗಿರಾಕಿ ಹತ್ತು ರೂಪಾಯಿಗೆ ಕೂತು ತಕರಾರು ಮಾಡಬಹುದು, ನಾಳೆ ಮತ್ತೆ ಬರುತ್ತಾನೆ. ಸಮುದ್ರ ದಾಟಿದವರು ಎಲ್ಲಿ ತಕರಾರು ಮಾಡಬೇಕು?

ಹಾಗಾದರೆ ಚಿಲ್ಲರೆ ಬೇಡವೇ? ಬೇಕು, ರುಪಯಾದಲ್ಲಿ ಬೇಕು. ಡಾಲರಿದ್ದರೆ ದೊಡ್ಡದು, ರುಪಯಾ ಇದ್ದರೆ ಸಣ್ಣದು.

ನುಸಾ ಪೆನಿದಾ ಎಂಬ ಸಣ್ಣ ದ್ವೀಪಕ್ಕೆ ಸಾನೂರಿಂದ ದೋಣಿಯಲ್ಲಿ ಹೋದೆವು. ಇಳಿದ ಕೂಡಲೇ ತಲೆಗೆ 25,000 ಶುಲ್ಕ, ನಗದು. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಒಂದು ಕೈ. ಪಾರ್ಕಿಂಗ್, ಪಾಯಖಾನೆಗೆ 5,000, ಎಳನೀರು 25,000. ಇಳಿಜಾರಿನ ಗೂಡಂಗಡಿಗಳಲ್ಲಿ ಕಾರ್ಡ್ ಯಂತ್ರ ಎಲ್ಲಿಂದ ಬರಬೇಕು. ಕೆಂಪು ನೋಟು ತೋರಿಸಿದರೆ "ತಿದಾಕ್ ಅದಾ" ಎಂದು ಕೈ ಅಲ್ಲಾಡಿಸುತ್ತಾರೆ, ಇಲ್ಲ ಎಂದು. 'ಅದಾ' ಎಂದರೆ ಅವರಲ್ಲೂ ಇದೆ ಎಂದೇ ಅರ್ಥ, ಧಾರವಾಡದವರು 'ಅದ' ಅಂದಂತೆ. ಮೊದಲ ಸಲ ಕೇಳಿದಾಗ ಯಾರೋ ನಮ್ಮ ಕಡೆಯವರು ಎಂದು ತಿರುಗಿ ನೋಡಿದ್ದೆ. ಸಂಚಿಯ ಐದನೆಯ ಕಿಸೆಯಲ್ಲಿ ಎರಡು ಸಾವಿರ, ಐದು ಸಾವಿರದ ನೋಟು ತುಂಬಿಸಿಕೊಂಡಿದ್ದೆನಲ್ಲ, ಆ ದಿನ ನಮ್ಮ ಕಾರಿನವರಿಗಷ್ಟೇ ಅಲ್ಲ, ದೋಣಿಯಲ್ಲಿ ಜೊತೆಗಿದ್ದ ಮೈಸೂರಿನ ಹೊಸ ಜೋಡಿಗೂ ನಾನೇ ಗಲ್ಲಾ.

ಉಲುವಾತು ಗುಡಿಯಲ್ಲಿ ಮಾತ್ರ ಚಿಲ್ಲರೆ ಮುಗಿದಿತ್ತು. ಅಲ್ಲಿಯ ಮಂಗಗಳು ಕನ್ನಡಕ ಕಸಿಯುವುದರಲ್ಲಿ ಹೆಸರಾದವು. ಎಚ್ಚರಿಕೆಯ ಫಲಕ ಇತ್ತು, ಮಗಳು ಹೇಳಿದ್ದಳು, ಆದರೂ ನಮ್ಮವರು ಕನ್ನಡಕ ಹಾಕಿಕೊಂಡೇ ಸಮುದ್ರ ನೋಡಿದರು. ಹೋಯಿತು. ಅಲ್ಲಿಯವನೊಬ್ಬ ಹಣ್ಣು ತೋರಿಸಿ ಮಂಗನ ಜೊತೆ ಚೌಕಾಶಿ ಮಾಡಿ ಬಿಡಿಸಿಕೊಟ್ಟ. ಅವನಿಗೆ ಕೊಡಲು ಸಂಚಿಯಲ್ಲಿ ಕೆಂಪು ನೋಟು ಬಿಟ್ಟರೆ ಬೇರೆ ಇಲ್ಲ. "ಮಂಗ್ಯಾನ ಕೈಯಾಗ ಲಕ್ಷ ರೂಪಾಯಿ ಕೊಟ್ಟು ಬಂದ್ರಿ," ಎಂದು ಈಗ ಖಾನಾವಳಿಯ ಹುಡುಗರು ಆಡಿಕೊಳ್ಳುತ್ತಾರೆ.

ನನಗೆ ಮನಸ್ಸಿಗೆ ಹತ್ತಿದ್ದು ಸುಕಾವತಿಯ ಸಂತೆ. ಬೆಳಿಗ್ಗೆ ಬೇಗ ಹೋಗಿದ್ದೆವು, ಅಂಗಡಿಗಳ ಮುಂದೆ ಆಗಷ್ಟೇ ಎಲೆಯ ಸಣ್ಣ ಬುಟ್ಟಿಗಳಲ್ಲಿ ಹೂವು, ಅನ್ನದ ಅಗುಳು, ಊದಿನಕಡ್ಡಿ ಇಟ್ಟಿದ್ದರು. ಒಂದರ ಮೇಲೆ ಸಾವಿರದ ನೋಟೂ ಇತ್ತು, ಯಾರೂ ಮುಟ್ಟುವುದಿಲ್ಲ. ನನಗಿಂತ ಹಿರಿಯ ಹೆಂಗಸಿನ ಅಂಗಡಿಯಲ್ಲಿ ಸಾರಂಗ್, ನಮ್ಮ ಲುಂಗಿಯಂಥದ್ದು. ಅವಳು 1,50,000 ಅಂದಳು. ಭಾಷೆ ಬೇಡ, ಲೆಕ್ಕಯಂತ್ರ ಇದೆ. ನಾನು 50 ಒತ್ತಿದೆ. ಅವಳು ಎದೆಗೆ ಕೈ ಇಟ್ಟುಕೊಂಡು 120 ಒತ್ತಿದಳು. ನಾನು ಬಟ್ಟೆಯ ಅಂಚನ್ನು ತಿರುವಿ ಹೊಲಿಗೆ ನೋಡಿ ಕೆಳಗಿಟ್ಟೆ. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ಕೈ ಇದು. 60,000ಕ್ಕೆ ನಿಂತಿತು. ಹತ್ತು ಸಾವಿರದ ಆರು ನೇರಳೆ ನೋಟು ಕೊಟ್ಟೆ.

ಅವಳು ಆ ನೋಟುಗಳನ್ನು ಬೀಸಣಿಗೆಯಂತೆ ಹಿಡಿದು, ರಾಶಿ ಹಾಕಿದ ಬಟ್ಟೆಗಳ ಮೇಲೆ ಒಂದೊಂದಾಗಿ ತಟ್ಟುತ್ತಾ ಹೋದಳು. ಸಾರಂಗ್ ರಾಶಿ, ಅಂಗಿ ರಾಶಿ, ಗೋಡೆಗೆ ತೂಗುಹಾಕಿದ ಚೀಲ, ಯಾವುದನ್ನೂ ಬಿಡಲಿಲ್ಲ. "ಲಾರಿಸ್, ಲಾರಿಸ್," ಎನ್ನುತ್ತಿದ್ದಳು. ಮಗಳಿಗೆ ತಿಳಿಯಲಿಲ್ಲ, ಏನಿದು ಎಂದು ಫೋನಿನಲ್ಲಿ ಹುಡುಕಲು ಸುರು ಮಾಡಿದಳು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೋಣಿ! ಬೆಳಿಗ್ಗೆ ಮೊದಲ ಗಿರಾಕಿಯ ನೋಟನ್ನು ಕಣ್ಣಿಗೊತ್ತಿ, ಗಲ್ಲಾಕ್ಕೆ ತಾಗಿಸಿ, ಲಕ್ಷ್ಮಿ ಫೋಟೋದ ಕೆಳಗಿಡುವವಳು ನಾನು. ನಾನು ನನ್ನ ಕಣ್ಣಿಗೆ ಎರಡು ಬೆರಳು ಒತ್ತಿ ತೋರಿಸಿದೆ. ಅವಳು ಪೂರ್ತಿ ಹಲ್ಲು ಬಿಟ್ಟು ನಕ್ಕು, ಒಂದು ಸಣ್ಣ ಬೀಸಣಿಗೆ ಮೇಲೆ ಹಾಕಿಕೊಟ್ಟಳು. ಕಾರ್ಡ್ ಉಜ್ಜಿದ್ದರೆ ಅವಳು ಏನನ್ನು ತಟ್ಟಬೇಕಿತ್ತು?

ಕಾರ್ಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೋಟೆಲು, ದೊಡ್ಡ ಅಂಗಡಿ, ಸೂಪರ್‌ಮಾರ್ಕೆಟ್ಟಿನಲ್ಲಿ ನಡೆಯಿತು. ಅಂಥ ಹೋಟೆಲಿನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆ ಇದ್ದರೆ ತೆರಿಗೆ, ಸೇವಾ ಶುಲ್ಕ ಬೇರೆ ಎಂದರ್ಥ. ಎಟಿಎಮ್ ಒಮ್ಮೆ ಬಳಸಿದೆವು. ಯಂತ್ರದ ಮೇಲೆ 50.000 ಅಥವಾ 100.000 ಎಂದು ಚೀಟಿ ಅಂಟಿಸಿರುತ್ತಾರೆ, ಅದು ಕೊಡುವ ನೋಟು. ಐವತ್ತರದ್ದನ್ನೇ ಹುಡುಕಿ. ಪರದೆಯ ಮೇಲೆ ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡ ಎಂದೇ ಒತ್ತಿ, ಅದರಲ್ಲಿ ಅವರ ದರ ಸೇರಿರುತ್ತದೆ. ಅಲ್ಲಿಯ ಯಂತ್ರ ಮೊದಲು ರೊಕ್ಕ ಕೊಟ್ಟು ಆಮೇಲೆ ಕಾರ್ಡ್ ಹೊರಗೆ ಹಾಕಿತು. ರೊಕ್ಕ ಬಂತೆಂದು ನಾವು ಹೊರಟೇಬಿಟ್ಟಿದ್ದೆವು, ಹಿಂದೆ ನಿಂತಿದ್ದವನು ಕೂಗಿದ. ಕ್ಯೂಆರ್ ಚೀಟಿ ಬಾಲಿಯ ಗೂಡಂಗಡಿಗಳಲ್ಲೂ ಇವೆ, ನಮ್ಮವರ ಫೋನ್‌ಪೇ ಅದನ್ನು ಒಪ್ಪಲಿಲ್ಲ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಇದೆ. ಆ ದ್ವೀಪಗಳಿಗೆ ಹೋಗುವವರ ಸಂಚಿ ಸ್ವಲ್ಪ ಹಗುರ ಇದ್ದರೂ ನಡೆದೀತು.

ಊರಿಗೆ ಬಂದ ವಾರಕ್ಕೆ ಆ ಮುದ್ರೆಯ ನೋಟು ಹಿಡಿದು ಅದೇ ಮೆಟ್ಟಿಲು ಹತ್ತಿದೆ. ಅದೇ ಹುಡುಗ. ಈ ಸಲ ಚಹಾ ಬರಲಿಲ್ಲ. ನೋಟನ್ನು ತಿರುವಿ ನೋಡಿ, "ಅಕ್ಕಾರ, ಇದರ ಮ್ಯಾಲೆ ಮುದ್ರಿ ಐತಲ್ರಿ, ಹಳೇ ನೋಟ ಬ್ಯಾರೆ," ಅಂದ.

"ನೀವ ಕೊಟ್ಟದ್ದಪಾ ಇದು."

"ರಸೀದ್ಯಾಗ ನೋಟಿನ ನಂಬರ ಇರಂಗಿಲ್ಲಲ್ರಿ."

ಆ ದಿನ ಅವರು ಡಾಲರ್ ಕೊಳ್ಳುವ ದರ 85 ರೂಪಾಯಿ 20 ಪೈಸೆ. ಇದಕ್ಕಾದರೆ 80 ಕೊಡುತ್ತೇನೆ ಅಂದ. ನಾನು 88 ರೂಪಾಯಿ 40 ಪೈಸೆಗೆ ಅವನ ಕೈಯಿಂದಲೇ ತಗೊಂಡದ್ದು. ಕೊಡಲಿಲ್ಲ. ಉಳಿದ ಡಾಲರನ್ನು ಆರು ತಿಂಗಳೊಳಗೆ ವಾಪಸ್ ಮಾಡಬೇಕು ಎಂಬ ನಿಯಮ ಇದ್ದರೂ 2,000 ಡಾಲರ್ ತನಕ ಮನೆಯಲ್ಲಿ ಇಟ್ಟುಕೊಳ್ಳಬಹುದು, ನನ್ನದು ಒಂದೇ ನೋಟು.

ಅಂಕ ಕೊಡುವುದಾದರೆ ಕೌಂಟರಿಗೆ ಐದಕ್ಕೆ ಎರಡು, ಒಂದು ಕಾಗದಪತ್ರ ನೀಟಾಗಿ ಮಾಡಿದ್ದಕ್ಕೆ, ಒಂದು ರುಪಯಾ ಬೇಡ ಎಂದದ್ದಕ್ಕೆ. ಚಹಾದ ಅಂಕ ವಾಪಸ್ ತಗೊಂಡಿದ್ದೇನೆ. ಅಲ್ಲಿಗೇ ಹೋಗುವುದಿದ್ದರೆ ನೀಲಿ ಪಟ್ಟಿಯ ನೂರರ ನೋಟೇ ಬೇಕು ಎಂದು ಹೇಳಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬೇಡವಾದದ್ದನ್ನು ಅಲ್ಲೇ ವಾಪಸ್ ತಳ್ಳಿ. ನೈಲಾನ್ ಚೀಲಕ್ಕೆ ಒಂದು. ಸಂಚಿಗೆ ನಾಲ್ಕೂವರೆ, ಡಾಲರ್ ಮಡಿಸಿದ್ದಕ್ಕೆ ಅರ್ಧ ಕಳೆದಿದ್ದೇನೆ. ಅದೇ ಅಳತೆಯ ಸಂಚಿ ಬೇಕು ಎಂದು ಈಗಾಗಲೇ ಮೂವರು ಕೇಳಿದ್ದಾರೆ, ಮುಂದಿನ ತಿಂಗಳು ಫುಕೆಟ್‌ಗೆ ಹೊರಟ ನಮ್ಮ ಓಣಿಯ ಮದುವೆ ಹುಡುಗಿಗೆ ಒಂದು ಹೊಲಿಸಿ ಇಟ್ಟಿದ್ದೇನೆ.

ಆ ನೋಟು ಗಲ್ಲಾದ ತಳದಲ್ಲಿ, ಪೇಪರಿನ ಕೆಳಗೆ ಚಪ್ಪಟೆಯಾಗಿ ಇದೆ. ಎಂಥ ನೋಟು ತಗೋಬಾರದು ಎಂದು ಕಣ್ಣಾರೆ ನೋಡಬೇಕೆನ್ನುವವರು ಖಾನಾವಳಿಗೆ ಬಂದರೆ ತೋರಿಸುತ್ತೇನೆ. ಊಟ ಆದ ಮೇಲೆ, ಕೈ ತೊಳೆದು ಒರೆಸಿಕೊಂಡು ಬರಬೇಕು.